ನನಗೆ ರೂಟ್ ಕೆನಾಲ್, ಅತ್ತೆಗೆ ಹಲ್ಲುಸೆಟ್ಟು

ನನ್ನ ಚೀಟಿಯಲ್ಲಿ '46 – ಆರ್‌ಸಿಟಿ, ಕ್ರೌನ್' ಎಂದಿತ್ತು. ಅತ್ತೆಯ ಚೀಟಿಯಲ್ಲಿ 'ಟೋಟಲ್ ಎಕ್ಸ್‌ಟ್ರಾಕ್ಷನ್, ನಂತರ ಸಿಡಿ'. ಎರಡೂ ಒಂದೇ ದಿನ ಬರೆದ ಚೀಟಿಗಳು. ದಾವಣಗೆರೆಯಲ್ಲಿ ಎರಡು ಡೆಂಟಲ್ ಕಾಲೇಜುಗಳಿವೆ. ಅದರಲ್ಲೊಂದರ ಓಪಿಡಿಗೆ ನಾವಿಬ್ಬರೂ ಒಟ್ಟಿಗೆ ಹೋಗಿದ್ದೆವು. ಆರ್‌ಸಿಟಿ ಅಂದರೆ ರೂಟ್ ಕೆನಾಲ್ ಟ್ರೀಟ್‌ಮೆಂಟ್. ಟೋಟಲ್ ಎಕ್ಸ್‌ಟ್ರಾಕ್ಷನ್ ಅಂದರೆ ಇರುವ ಹಲ್ಲೆಲ್ಲ ಕೀಳುವುದು. ಸಿಡಿ ಅಂದರೆ ಕಂಪ್ಲೀಟ್ ಡೆಂಚರ್, ಮೇಲೆ ಕೆಳಗೆ ಪೂರ್ತಿ ಹಲ್ಲುಸೆಟ್ಟು. ಓದಿ ಹೇಳಿದೆ. "ಒಂದೂ ಉಳ್ಸಲ್ವಂತಾ?" ಎಂದರು ಅತ್ತೆ.

ಕಾಲೇಜಿಗೇ ಯಾಕೆ ಹೋದೆವು ಅಂದರೆ, ಅದಕ್ಕೂ ಮೊದಲು ಒಂದು ಕ್ಲಿನಿಕ್ಕಿಗೆ ಹೋಗಿದ್ದೆವು. ಅಲ್ಲಿ ಅತ್ತೆಯ ಬಾಯನ್ನು ಸರಿಯಾಗಿ ನೋಡುವ ಮೊದಲೇ ಇಂಪ್ಲಾಂಟ್ (ದವಡೆ ಮೂಳೆಗೆ ತಿರುಪು ಹಾಕಿ ಅದರ ಮೇಲೆ ಹಲ್ಲು ಕೂರಿಸುವುದು) ಪ್ಯಾಕೇಜಿನ ಲೆಕ್ಕ ಬಂತು. ಯಾಕೆ, ಏನು, ಬೇರೆ ದಾರಿ ಇದೆಯಾ ಎಂದು ಕೇಳಿದರೆ ಉತ್ತರವಿಲ್ಲ, ಕಂತಿನಲ್ಲಿ ಕಟ್ಟಬಹುದು ಎಂಬ ಸಮಾಧಾನ ಮಾತ್ರ. ಇಂಪ್ಲಾಂಟ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಬಾಯೊಳಗೆ ಏನು ನಡೆಯುತ್ತದೆ ಅಂತ ಗೊತ್ತಾಗದೆ ಕುರ್ಚಿಯಲ್ಲಿ ಕೂರುವುದು ನನ್ನಿಂದಾಗದ ಕೆಲಸ. ಡೆಂಟಲ್ ಕಾಲೇಜಿನಲ್ಲಿ ಕೆಲಸ ನಿಧಾನ, ದಿನಗಟ್ಟಲೆ ಓಡಾಡಬೇಕು. ಆದರೆ ಖರ್ಚು ಕಡಿಮೆ. ಮೇಲಾಗಿ ಮಾಡುವವರು ಇನ್ನೂ ಕಲಿಯುತ್ತಿರುವವರು. ಪ್ರತಿ ಹಂತವನ್ನೂ ತಮ್ಮ ಸ್ಟಾಫ್‌ಗೆ, ಅಂದರೆ ಪಾಠ ಹೇಳುವ ಡಾಕ್ಟರಿಗೆ, ವಿವರಿಸಿ ಸಹಿ ಹಾಕಿಸಿಕೊಳ್ಳಬೇಕು. ನಾವು ಕುರ್ಚಿಯಲ್ಲೇ ಇರುತ್ತೇವೆ, ಪಾಠ ನಮ್ಮ ಕಿವಿಗೂ ಬೀಳುತ್ತದೆ.

ಮೊದಲ ಪಾಠ ಆ 46. ಅದನ್ನು ನಲವತ್ತಾರು ಅಂತ ಓದಬಾರದು, 'ಫೋರ್ ಸಿಕ್ಸ್' ಅನ್ನಬೇಕು. ಬಾಯಿಯನ್ನು ನಾಲ್ಕು ಭಾಗ ಮಾಡುತ್ತಾರೆ. ನಮ್ಮ ಬಲಗಡೆಯ ಮೇಲಿನದು 1, ಎಡಗಡೆ ಮೇಲಿನದು 2, ಎಡಗಡೆ ಕೆಳಗಿನದು 3, ಬಲಗಡೆ ಕೆಳಗಿನದು 4. ಆಮೇಲೆ ಮುಂದಿನ ನಟ್ಟನಡುವಿನಿಂದ ಹಿಂದಕ್ಕೆ ಒಂದರಿಂದ ಎಂಟರವರೆಗೆ ಎಣಿಕೆ. ಒಂದು, ಎರಡು ಬಾಚಿಹಲ್ಲು. ಮೂರು ಕೋರೆಹಲ್ಲು. ನಾಲ್ಕು, ಐದು ಸಣ್ಣ ದವಡೆಹಲ್ಲು. ಆರು, ಏಳು ದೊಡ್ಡ ದವಡೆಹಲ್ಲು. ಎಂಟು ಬುದ್ಧಿಹಲ್ಲು. ಹಾಗಾಗಿ ಫೋರ್ ಸಿಕ್ಸ್ ಅಂದರೆ ಬಲಗಡೆ ಕೆಳಗಿನ ಮೊದಲ ದೊಡ್ಡ ದವಡೆಹಲ್ಲು. ಆರನೇ ವರ್ಷದ ಹೊತ್ತಿಗೇ ಬರುವ ಹಲ್ಲು ಅದು. ಹಾಲುಹಲ್ಲು ಇನ್ನೂ ಬಾಯಲ್ಲಿರುವಾಗಲೇ ಹಿಂದೆ ಹುಟ್ಟುವುದರಿಂದ ಅದನ್ನೂ ಹಾಲುಹಲ್ಲು ಅಂದುಕೊಂಡು ಬಿಡುವವರು ಜಾಸ್ತಿ. ಹುಳುಕು ಮೊದಲು ಹಿಡಿಯುವುದೂ ಸಾಮಾನ್ಯವಾಗಿ ಅದನ್ನೇ.

ನನ್ನ ಹಲ್ಲು ನೋಡಿದ್ದು ಒಬ್ಬ ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿನಿ. ನನ್ನ ನೋವಿನ ಬಗ್ಗೆ ಆ ಹುಡುಗಿ ಕೇಳಿದ ಪ್ರಶ್ನೆಗಳು ಚೆನ್ನಾಗಿದ್ದವು. ತಣ್ಣಗಿನದು ತಾಗಿದರೆ ಜುಮ್ ಅನ್ನುತ್ತಾ? ಅಂದರೆ, ತಾಗಿದ ತಕ್ಷಣ ಅನ್ನಿಸಿ ಹೋಗುತ್ತಾ, ಇಲ್ಲಾ ಆಮೇಲೂ ಉಳಿಯುತ್ತಾ? ಮಲಗಿದಾಗ ಜಾಸ್ತಿ ಆಗುತ್ತಾ? ಜುಮ್ ಅಂದು ಕೂಡಲೇ ಹೋದರೆ ಒಳಗಿನ ನರ ಇನ್ನೂ ಚೇತರಿಸಿಕೊಳ್ಳಬಹುದು, ಹುಳುಕು ಕೆರೆದು ಸಿಮೆಂಟ್ ತುಂಬಿದರೆ ಸಾಕಾಗಬಹುದು. ತಣ್ಣಗಿನದು ಹೋದ ಮೇಲೂ ನೋವು ಉಳಿದರೆ, ಸುಮ್ನೆ ಕೂತಾಗಲೂ ತಾನಾಗಿ ಶುರುವಾದರೆ, ರಾತ್ರಿ ಎಬ್ಬಿಸಿದರೆ, ಅದು ವಾಪಸ್ ಸರಿಯಾಗುವ ನರವಲ್ಲ. ನನ್ನದು ಎರಡನೇ ಜಾತಿ. ಮಲಗಿದರೆ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುತ್ತದೆ. ಹಲ್ಲಿನ ಒಳಗೆ ಊದಿಕೊಳ್ಳಲು ಜಾಗವಿಲ್ಲ. ಸುತ್ತಲೂ ಗಟ್ಟಿ ಗೋಡೆ. ಅದಕ್ಕೇ ರಾತ್ರಿ ಹಾಗೆ ಮಿಡಿಯುವುದು.

ಹಲ್ಲಿನ ಮೇಲ್ಪದರ ಎನಾಮೆಲ್, ಅದರ ಕೆಳಗೆ ಡೆಂಟಿನ್, ನಡುವಿನ ಟೊಳ್ಳಿನಲ್ಲಿ ಪಲ್ಪ್. ನಾವು 'ನರ' ಅನ್ನುವುದು ಈ ಪಲ್ಪ್‌ಗೆ. ನರವೂ ಇದೆ, ರಕ್ತನಾಳವೂ ಇದೆ, ಮೆತ್ತಗಿನ ಮಾಂಸವೂ ಇದೆ. ಬೇರಿನೊಳಗೆ ಅದು ಇಳಿದಿರುವ ಸಣ್ಣ ಕೊಳವೆಯೇ ಕೆನಾಲ್. ರೂಟ್ ಕೆನಾಲ್ ಟ್ರೀಟ್‌ಮೆಂಟ್ ಅಂದರೆ ಆ ಕೊಳವೆಗಳನ್ನು ಖಾಲಿ ಮಾಡಿ, ತೊಳೆದು, ಒಣಗಿಸಿ, ಮತ್ತೆ ಗಾಳಿಯಾಡದಂತೆ ತುಂಬುವುದು. ಬೇರನ್ನು ಕತ್ತರಿಸುವುದಿಲ್ಲ, ತೆಗೆಯುವುದೂ ಇಲ್ಲ. ನಮ್ಮ ಓಣಿಯಲ್ಲಿ ಒಬ್ಬರು "ಬೇರು ಕಿತ್ತು ಹಲ್ಲು ಮಾತ್ರ ಇಡ್ತಾರೆ" ಅಂತ ಹೆದರಿಸಿದ್ದರು.

ಕುರ್ಚಿಗೆ ಬಂದ ದಿನ ಮೊದಲು ಇಂಜೆಕ್ಷನ್. ಲಿಗ್ನೋಕೇನ್, ಜೊತೆಗೆ ಸ್ವಲ್ಪ ಅಡ್ರಿನಲಿನ್. ಲಿಗ್ನೋಕೇನನ್ನು ಸ್ವೀಡನ್ನಿನಲ್ಲಿ 1943ರಲ್ಲಿ ತಯಾರಿಸಿದರಂತೆ. ಅದಕ್ಕೂ ಹಿಂದಿನವರ ಗತಿ ನೆನೆಸಿಕೊಂಡರೆ ನನ್ನ ಕಾಲದಲ್ಲಿ ಹುಟ್ಟಿದ್ದಕ್ಕೆ ಖುಷಿಯಾಯಿತು. ಅಡ್ರಿನಲಿನ್ ಸೇರಿಸುವುದು ರಕ್ತನಾಳ ಕುಗ್ಗಲಿ, ಮದ್ದು ಅಲ್ಲೇ ಜಾಸ್ತಿ ಹೊತ್ತು ನಿಲ್ಲಲಿ ಅಂತ. ಅದರಿಂದ ಒಂದೆರಡು ನಿಮಿಷ ಎದೆ ಡವಡವ ಅನ್ನಬಹುದು ಎಂದು ಹುಡುಗಿ ಮೊದಲೇ ಹೇಳಿದಳು. ಅಂದಿತು ಕೂಡ. ಹೇಳಿರದಿದ್ದರೆ ಹಾರ್ಟ್ ಅಟ್ಯಾಕೇ ಅಂದುಕೊಳ್ಳುತ್ತಿದ್ದೆ. ಕೆಳದವಡೆಗೆ ಹಲ್ಲಿನ ಬುಡದಲ್ಲಿ ಚುಚ್ಚಿದರೆ ಸಾಲದು, ಮೂಳೆ ದಪ್ಪ. ಹಿಂದೆ, ದವಡೆಯ ಒಳಬದಿಯಲ್ಲಿ ನರ ಮೂಳೆಯೊಳಗೆ ಹೊಕ್ಕುವ ಜಾಗದ ಹತ್ತಿರ ಚುಚ್ಚುತ್ತಾರೆ. ಇದಕ್ಕೆ 'ಬ್ಲಾಕ್' ಅನ್ನುತ್ತಾರೆ. ಹಾಗಾಗಿ ಒಂದು ಹಲ್ಲಿನ ಕೆಲಸಕ್ಕೆ ಅರ್ಧ ತುಟಿ, ಅರ್ಧ ನಾಲಿಗೆ ಜೋಮು ಹಿಡಿದು ಕೂತಿತು. ಮನೆಗೆ ಹೋಗಿ ಜೋಮು ಇಳಿಯುವವರೆಗೆ ಏನೂ ತಿನ್ನಬೇಡಿ, ತುಟಿ ಕಚ್ಚಿಕೊಂಡರೂ ಗೊತ್ತಾಗಲ್ಲ ಅಂದರು.

ಆಮೇಲೆ ರಬ್ಬರ್ ಡ್ಯಾಮ್. ತೆಳು ರಬ್ಬರ್ ಹಾಳೆಗೆ ಒಂದು ತೂತು ಮಾಡಿ, ಆ ಒಂದೇ ಹಲ್ಲು ಹೊರಗೆ ಕಾಣುವಂತೆ ಕ್ಲಾಂಪ್ ಹಾಕಿ ಕೂರಿಸುತ್ತಾರೆ. ಎಂಜಲು ಒಳಗೆ ಹೋಗಬಾರದು, ಸೂಜಿಯಂಥ ಉಪಕರಣ ಕೈಜಾರಿ ಗಂಟಲಿಗೆ ಬೀಳಬಾರದು, ತೊಳೆಯುವ ಔಷಧಿ ನಾಲಿಗೆಗೆ ತಾಗಬಾರದು. ಮೊದಲು ಉಸಿರು ಕಟ್ಟಿದ ಹಾಗಾಯಿತು. ಮೂಗಲ್ಲೇ ಉಸಿರಾಡಿ ಅಂದರು. ಸ್ವಲ್ಪ ಹೊತ್ತಿಗೆ ಅದೇ ನೆಮ್ಮದಿ ಅನ್ನಿಸಿತು. ಬಾಯಿ ಬೇರೆ, ನಾನು ಬೇರೆ. ನೀವು ಹೋಗುವ ಕಡೆ ರಬ್ಬರ್ ಡ್ಯಾಮ್ ಹಾಕುತ್ತಾರಾ ಅಂತ ಕೇಳಿ ನೋಡಿ. ಹಾಕುವ ಜಾಗದ ಮೇಲೆ ನನಗೆ ನಂಬಿಕೆ ಜಾಸ್ತಿ.

ಡ್ರಿಲ್ಲಿನಲ್ಲಿ ಹಲ್ಲಿನ ನೆತ್ತಿಗೆ ಬಾಗಿಲು ತೆರೆದರು. ಇದು 'ಆ್ಯಕ್ಸೆಸ್ ಓಪನಿಂಗ್'. ಆಮೇಲಿನದ್ದೆಲ್ಲ ಕೈಕೆಲಸ. ಫೈಲ್ ಎಂಬ ಸಣ್ಣ ಉಪಕರಣಗಳು, ಹಿಡಿಗೆ ಬಣ್ಣದ ಪ್ಲಾಸ್ಟಿಕ್, ತುದಿಗೆ ಕೂದಲಿನಷ್ಟು ತೆಳು ತಂತಿ. ಬಣ್ಣಕ್ಕೊಂದು ದಪ್ಪ. ನೇರಳೆ 10, ಬಿಳಿ 15, ಹಳದಿ 20, ಕೆಂಪು 25, ನೀಲಿ 30, ಹಸಿರು 35, ಕಪ್ಪು 40. 10 ಅಂದರೆ ತುದಿಯಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗ. ತೆಳುವಿನಿಂದ ದಪ್ಪಕ್ಕೆ ಹೋಗುತ್ತಾ ಕೊಳವೆಯನ್ನು ಕೆರೆದು ಹಿಗ್ಗಿಸುತ್ತಾರೆ. ಕೆಳಗಿನ ಈ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರು ಕೊಳವೆ. ಮುಂದಿನ ಬೇರಿನಲ್ಲಿ ಎರಡು, ಹಿಂದಿನದರಲ್ಲಿ ಒಂದು. ಕೆಲವರಿಗೆ ನಾಲ್ಕನೆಯದೂ ಇರುತ್ತದೆ. ಅದನ್ನು ಹುಡುಕದೆ ಬಿಟ್ಟರೆ ಎಷ್ಟು ಚೆನ್ನಾಗಿ ಮಾಡಿದ ಕೆಲಸವೂ ಮುಂದೊಂದು ದಿನ ಕೀವಾಗಿ ಕಾಡಬಹುದು. ಸ್ಟಾಫ್ ಬಂದು ಕೇಳಿದ ಮೊದಲ ಪ್ರಶ್ನೆಯೇ "ನಾಲ್ಕನೇದು ಹುಡುಕಿದ್ಯಾ?"

ಕೊಳವೆ ಎಷ್ಟು ಉದ್ದ ಅಂತ ಕಂಡುಹಿಡಿಯಲು ಒಂದು ಸಣ್ಣ ಯಂತ್ರವಿದೆ, ಏಪೆಕ್ಸ್ ಲೊಕೇಟರ್. ತುಟಿಗೊಂದು ಕೊಕ್ಕೆ ನೇತು ಹಾಕಿ, ಇನ್ನೊಂದು ತುದಿಯನ್ನು ಫೈಲಿಗೆ ಸಿಕ್ಕಿಸುತ್ತಾರೆ. ಫೈಲ್ ಬೇರಿನ ತುದಿಗೆ ಹತ್ತಿರವಾದಂತೆ ಕುಯ್ ಕುಯ್ ಅನ್ನುವುದು ಜೋರಾಗುತ್ತದೆ. ಫೈಲಿಗೆ ಹಾಕಿದ ರಬ್ಬರ್ ಬಿಲ್ಲೆಯನ್ನು ಆ ಜಾಗಕ್ಕೆ ಸರಿಸಿ, ಹೊರಗೆ ತೆಗೆದು ಸ್ಕೇಲಿನ ಮೇಲೆ ಇಟ್ಟು ಅಳೆದು, ಕೇಸ್‌ಶೀಟಿನಲ್ಲಿ ಬರೆದುಕೊಂಡರು. ಆಮೇಲೆ ಎಕ್ಸ್‌ರೇ ತೆಗೆದು ತಾಳೆ ನೋಡಿದರು. ತುದಿ ದಾಟಿ ಹೋದರೂ ಕಷ್ಟ, ತುಂಬಾ ಮುಂಚೆ ನಿಂತರೂ ಕಷ್ಟ. ಆ ಸದ್ದು ಕೇಳುತ್ತಾ ಕೂತಾಗ ಭಯ ಹೋಗಿ ಕುತೂಹಲ ಬಂದಿತ್ತು.

ನಡುನಡುವೆ ಸಿರಿಂಜಿನಲ್ಲಿ ತೊಳೆಯುತ್ತಿದ್ದರು. ಸೋಡಿಯಂ ಹೈಪೋಕ್ಲೋರೈಟ್. ಬಿಳಿ ಬಟ್ಟೆಗೆ ಹಾಕುವ ಬ್ಲೀಚಿನ ವಾಸನೆಯೇ. ಫೈಲ್ ಹೋಗದ ಮೂಲೆಗಳಲ್ಲಿ ಉಳಿದ ನರದ ಚೂರುಗಳನ್ನು ಕರಗಿಸುವುದು, ಕ್ರಿಮಿ ಕೊಲ್ಲುವುದು ಅದರ ಕೆಲಸ. ಕೊನೆಗೆ ಕಾಗದದ ಸಣ್ಣ ಕಡ್ಡಿಗಳಲ್ಲಿ ಒಣಗಿಸಿ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟ್ ಇಟ್ಟು, ತಾತ್ಕಾಲಿಕ ಸಿಮೆಂಟಿನಿಂದ ಬಾಗಿಲು ಮುಚ್ಚಿ ಕಳಿಸಿದರು. ಒಂದೇ ಸಿಟ್ಟಿಂಗಿನಲ್ಲಿ ಮುಗಿಸುವವರೂ ಇದ್ದಾರೆ, ಹಲ್ಲಿನ ಸ್ಥಿತಿ ನೋಡಿ ಅದೂ ಸರಿಯೇ. ನನ್ನದರಲ್ಲಿ ಸೋಂಕು ಇದ್ದುದರಿಂದ ನಡುವೆ ಬಿಡುವು ಕೊಟ್ಟರು. ಆ ರಾತ್ರಿ ನಿದ್ದೆ ಬಂತು. ಕಚ್ಚಿದರೆ ಮಾತ್ರ ಒಂದೆರಡು ದಿನ ಹಲ್ಲು ಎತ್ತರವಾದ ಹಾಗೆ ನೋಯುತ್ತಿತ್ತು. ನರ ತೆಗೆದ ಮೇಲೂ ನೋವು ಹೇಗೆ ಅಂದರೆ, ಬೇರನ್ನು ಮೂಳೆಗೆ ಹಿಡಿದಿಡುವ ನಾರು ಜೀವಂತವಾಗಿಯೇ ಇರುತ್ತದೆ. ಬಿಸಿ, ತಂಪು ಗೊತ್ತಾಗುವುದಿಲ್ಲ. ಒತ್ತಿದ್ದು ಮಾತ್ರ ಗೊತ್ತಾಗುತ್ತದೆ.

ಮುಂದಿನ ಸಲ ತುಂಬಿದ್ದು ಗಟ್ಟಾಪರ್ಚಾ. ಗುಲಾಬಿ ಬಣ್ಣದ, ಒಂದು ಕಡೆ ಚೂಪಾದ ಸಣ್ಣ ಕಡ್ಡಿಗಳು. ಮಲಯ ಕಡೆಯ ಒಂದು ಮರದ ಹಾಲಿನಿಂದ ಬರುವ ವಸ್ತು. 1858ರಲ್ಲಿ ಅಟ್ಲಾಂಟಿಕ್ ಸಮುದ್ರದಡಿ ಹಾಕಿದ ಮೊದಲ ಟೆಲಿಗ್ರಾಫ್ ಕೇಬಲ್ಲಿಗೆ ಹೊದಿಸಿದ್ದೂ ಇದನ್ನೇ. ಉಪ್ಪುನೀರಿನಲ್ಲಿ ಕೆಡದ್ದು ಬಾಯಲ್ಲೂ ಕೆಡುವುದಿಲ್ಲ. ಮೂರು ಕೊಳವೆಗೂ ತುಂಬಿ, ಎಕ್ಸ್‌ರೇ ತೆಗೆದು ತೋರಿಸಿದರು. ಬೂದು ಹಲ್ಲಿನೊಳಗೆ ಬಿಳಿ ಗೆರೆಗಳು, ಬೇರಿನ ತುದಿಯವರೆಗೆ. ಆ ಚಿತ್ರ ಇನ್ನೂ ನನ್ನ ಫೋನಿನಲ್ಲಿದೆ.

ಕ್ಯಾಪ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನೋವು ಹೋಯಿತಲ್ಲ ಅಂತ ಎಷ್ಟೋ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಹುಳುಕು, ಡ್ರಿಲ್ಲು ಎರಡೂ ಸೇರಿ ಗೋಡೆ ತೆಳುವಾದ ದವಡೆಹಲ್ಲು ಅಡಿಕೆಯೋ ಚಕ್ಕುಲಿಯೋ ಕಚ್ಚಿದಾಗ ಸೀಳಿದರೆ, ಮಾಡಿಸಿದ್ದೆಲ್ಲ ವ್ಯರ್ಥ, ಕೀಳುವುದೇ ಗತಿ. ಸುತ್ತಲೂ ತುಸು ಕೊರೆದು, ಅಳತೆ ತೆಗೆದು, ಲ್ಯಾಬಿನಿಂದ ಬಂದ ಕ್ಯಾಪ್ ಅಂಟಿಸುತ್ತಾರೆ. ಅದನ್ನೇ ಕ್ರೌನ್ ಅನ್ನುವುದು. ಒಳಗೆ ಲೋಹ ಮೇಲೆ ಪಿಂಗಾಣಿ ಇರುವುದು ಪಿಎಫ್‌ಎಂ. ಪೂರ್ತಿ ಬಿಳಿಯದು ಜಿರ್ಕೋನಿಯಾ, ಅದಕ್ಕೆ ದುಡ್ಡು ಜಾಸ್ತಿ. ನಕ್ಕರೆ ಕಾಣುವ ಹಲ್ಲಲ್ಲ, ನಾನು ಪಿಎಫ್‌ಎಂ ಹಾಕಿಸಿದೆ. ನೀಲಿ ಕಾಗದ ಕಚ್ಚಿಸಿ, ಎತ್ತರವಾದ ಕಡೆ ಉಜ್ಜಿ ಸರಿ ಮಾಡಿದರು.

ಅತ್ತೆಯದು ಬೇರೆಯೇ ಕಥೆ. ಅವರ ಹಲ್ಲಿನಲ್ಲಿ ಹುಳುಕು ಕಡಿಮೆ. ಹಲ್ಲು ಗಟ್ಟಿ, ನೆಲ ಸಡಿಲ. ವರ್ಷಗಟ್ಟಲೆ ಎಲೆಅಡಿಕೆ, ಜೊತೆಗೆ ಸಕ್ಕರೆ ಕಾಯಿಲೆ. ಹಲ್ಲಿನ ಬುಡದಲ್ಲಿ ಕಟ್ಟಿದ ಪಾಚಿ ಗಟ್ಟಿಯಾಗಿ ಕಿಟ್ಟವಾಗಿ, ವಸಡು ಕೆಳಗೆ ಸರಿದು, ಒಳಗಿನ ಮೂಳೆ ಕರಗಿತ್ತು. ಪೂರ್ತಿ ಬಾಯಿಯ ದೊಡ್ಡ ಎಕ್ಸ್‌ರೇ, ಓಪಿಜಿ, ತೆಗೆಸಿದಾಗ ಬೇರಿನ ತುದಿಯಷ್ಟೇ ಮೂಳೆಯಲ್ಲಿ ಕಾಣುತ್ತಿತ್ತು. ಡಾಕ್ಟರ್ ಎರಡು ಉಪಕರಣದ ಹಿಡಿಗಳ ನಡುವೆ ಒಂದೊಂದು ಹಲ್ಲನ್ನೂ ಹಿಡಿದು ಅಲ್ಲಾಡಿಸಿ 'ಗ್ರೇಡ್ ತ್ರೀ' 'ಗ್ರೇಡ್ ತ್ರೀ' ಎನ್ನುತ್ತಾ ಹೋದರು. ಅಕ್ಕಪಕ್ಕ ಮಾತ್ರವಲ್ಲ, ಒತ್ತಿದರೆ ಕೆಳಕ್ಕೂ ಇಳಿಯುವ ಹಲ್ಲು ಗ್ರೇಡ್ ತ್ರೀ.

ಕೆಳಗಿನ ಎರಡು ಕೋರೆಹಲ್ಲು ಉಳಿಸಿಕೊಳ್ಳಬಹುದಾ ಅಂತ ಅವರಲ್ಲೇ ಒಂದು ಚರ್ಚೆ ನಡೆಯಿತು. ಕೋರೆಹಲ್ಲಿನ ಬೇರು ಉದ್ದ. ಅದಕ್ಕೆ ರೂಟ್ ಕೆನಾಲ್ ಮಾಡಿ, ಮೇಲ್ಭಾಗ ಗಿಡ್ಡ ಕತ್ತರಿಸಿ, ಅದರ ಮೇಲೆ ಸೆಟ್ಟು ಕೂರಿಸುವ ಕ್ರಮ ಇದೆ, ಓವರ್‌ಡೆಂಚರ್. ಬೇರು ಇರುವವರೆಗೆ ಅಲ್ಲಿನ ಮೂಳೆ ಬೇಗ ಸವೆಯುವುದಿಲ್ಲ, ಸೆಟ್ಟೂ ಅಷ್ಟಾಗಿ ಅಲ್ಲಾಡುವುದಿಲ್ಲ. ಅತ್ತೆಯ ಕೋರೆಹಲ್ಲೂ ಸಡಿಲವಾಗಿದ್ದರಿಂದ ಆ ಮಾತು ಅಲ್ಲಿಗೇ ಬಿತ್ತು. ಆದರೆ ನಿಮ್ಮ ಮನೆಯ ಹಿರಿಯರಿಗೆ "ಎಲ್ಲಾ ಕೀಳೋಣ" ಅಂದಾಗ ಈ ಒಂದು ಪ್ರಶ್ನೆ ಕೇಳುವುದರಲ್ಲಿ ನಷ್ಟವಿಲ್ಲ.

"ಮೇಲಿನ ಹಲ್ಲು ಕಿತ್ರೆ ಕಣ್ಣು ಹೋಗ್ತತಿ, ಬ್ಯಾಡ ಬಿಡವ್ವ" ಎಂಬುದು ಅತ್ತೆಯ ಕೊನೆಯ ಅಸ್ತ್ರ. ನಮ್ಮ ಕಡೆ ಇದನ್ನು ನಂಬದ ಮನೆ ಇಲ್ಲ. ಹಲ್ಲಿನ ನರವೂ ನೋಟದ ನರವೂ ಬೇರೆ ಬೇರೆ, ಹಲ್ಲು ಕಿತ್ತರೆ ದೃಷ್ಟಿಗೆ ಏನೂ ಆಗುವುದಿಲ್ಲ. ಹಲ್ಲು ಉದುರುವ ವಯಸ್ಸು, ಕಣ್ಣಿಗೆ ಪೊರೆ ಬರುವ ವಯಸ್ಸು ಒಂದೇ ಆಗಿರುವುದರಿಂದ ಈ ನಂಬಿಕೆ ಹುಟ್ಟಿರಬಹುದು ಅಂತ ನನ್ನ ಊಹೆ. ಹಲ್ಲು ಕೀಳಬೇಕಿದ್ದ ಹೌಸ್ ಸರ್ಜನ್ (ಓದು ಮುಗಿಸಿ ತರಬೇತಿಯಲ್ಲಿರುವ) ಹುಡುಗ ನಗಲಿಲ್ಲ. "ಅಜ್ಜಿ, ಕಣ್ಣಿನ ಡಾಕ್ಟ್ರೇ ನನ್ನ ಹತ್ರ ಹಲ್ಲು ಕೀಳಿಸ್ಕೊಂಡಿದಾರೆ" ಅಂದ. ನಿಜವೋ ಸುಳ್ಳೋ, ಅತ್ತೆ ಬಾಯಿ ತೆರೆದರು.

ಕೀಳುವ ಮೊದಲು ಬಿಪಿ, ಸಕ್ಕರೆ, ಹೆಚ್‌ಬಿಎ1ಸಿ ಎಲ್ಲ ನೋಡಿದರು. ಹೆಚ್‌ಬಿಎ1ಸಿ ಅಂದರೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಲೆಕ್ಕ. ಆವತ್ತೊಂದು ದಿನ ಉಪವಾಸ ಮಾಡಿ ಮೋಸ ಮಾಡಲು ಬರುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದುದರಿಂದ ಅವರ ಫಿಸಿಶಿಯನ್ ಹತ್ತಿರ ಬರೆಸಿಕೊಂಡು ಬರಲು ಹೇಳಿದರು. ನಾವಾಗಿಯೇ ನಿಲ್ಲಿಸಬಾರದು ಅಂತ ಒತ್ತಿ ಹೇಳಿದರು. ಫಿಸಿಶಿಯನ್ ಮುಂದುವರಿಸಿ ಅಂದರು. ಹಾಗಾಗಿ ಒಂದು ಸಲಕ್ಕೆ ಒಂದು ಕಡೆಯ ಕೆಲವೇ ಹಲ್ಲು.

ಕೀಳುವುದನ್ನು ಎಳೆಯುವುದು ಅಂತ ನಾವು ತಿಳಿದಿರುತ್ತೇವೆ. ನಿಜವಾಗಿ ಎಳೆಯುವುದು ಕೊನೆಯ ಕ್ಷಣ ಮಾತ್ರ. ಮೊದಲು ಎಲಿವೇಟರ್ ಎಂಬ ಸಾಧನವನ್ನು ಹಲ್ಲಿಗೂ ಮೂಳೆಗೂ ನಡುವೆ ತೂರಿಸಿ ಮೀಟುತ್ತಾರೆ. ನಾರುಗಳು ಬಿಡುತ್ತವೆ. ಆಮೇಲೆ ಫೋರ್ಸೆಪ್ಸ್, ಅಂದರೆ ಇಕ್ಕಳ, ಹಾಕಿ ಒಳಗೆ ಹೊರಗೆ ನಿಧಾನವಾಗಿ ವಾಲಿಸುತ್ತಾರೆ. ಗಟ್ಟಿ ಹಲ್ಲಾದರೆ ಬೆವರು ಬರುವ ಕೆಲಸ. ಅತ್ತೆಯ ಹಲ್ಲು ಅಷ್ಟೇನೂ ಜಗಳವಾಡಲಿಲ್ಲ. "ಒತ್ತಿದ ಹಾಗೆ ಅನ್ಸುತ್ತೆ, ನೋಯಲ್ಲ. ಚುಚ್ಚಿದ ಹಾಗೆ ಆದ್ರೆ ಕೈ ಎತ್ತಿ" ಅಂದಿದ್ದರು. ಅತ್ತೆ ಒತ್ತಿದ್ದಕ್ಕೂ ಕೈ ಎತ್ತಿದರು, ಸುಮ್ನೆ ಕೂತಾಗಲೂ ಎತ್ತಿದರು.

ಹಲ್ಲು ಹೋದ ಗುಳಿಯೇ ಸಾಕೆಟ್. ಅದರಲ್ಲಿ ರಕ್ತ ಹೆಪ್ಪುಗಟ್ಟಬೇಕು. ಗಾಯ ಮಾಯುವುದು ಆ ಹೆಪ್ಪಿನ ಮೇಲೆಯೇ. ಹತ್ತಿ ಕಚ್ಚಿ ಮುಕ್ಕಾಲು ಗಂಟೆ ಕೂರಿ, ಉಗುಳಬೇಡಿ, ಎಂಜಲು ನುಂಗಿ, ಸ್ಟ್ರಾ ಹಾಕಿ ಕುಡಿಯಬೇಡಿ, ಆ ದಿನ ಬಿಸಿ ಬೇಡ, ಬಾಯಿ ಮುಕ್ಕಳಿಸಬೇಡಿ. ಎಲ್ಲದರ ಹಿಂದಿನ ಕಾರಣ ಒಂದೇ, ಹೆಪ್ಪು ಕಿತ್ತು ಬರಬಾರದು. ಮಾರನೇ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು, ಅದೂ ಮೆಲ್ಲಗೆ. ಎಲೆಅಡಿಕೆಯಂತೂ ಬೇಡವೇ ಬೇಡ. ಹೆಪ್ಪು ಹೋಗಿ ಮೂಳೆ ಬರಿದಾದರೆ ಅದು ಡ್ರೈ ಸಾಕೆಟ್. ಎರಡು ಮೂರು ದಿನ ಚೆನ್ನಾಗಿದ್ದು ಆಮೇಲೆ ಕಿವಿಯವರೆಗೆ ಸೆಳೆಯುವ ನೋವು ಶುರುವಾಗುತ್ತದೆ. ಕಾಯುವ ಬೆಂಚಿನಲ್ಲಿ ನಮ್ಮ ಪಕ್ಕ ಕೂತಿದ್ದ ಹುಡುಗನಿಗೆ ಹಾಗಾಗಿತ್ತು, ಬುದ್ಧಿಹಲ್ಲು ಕೀಳಿಸಿದ ಸಂಜೆಯೇ ಸಿಗರೇಟು ಸೇದಿದ್ದನಂತೆ. ಗುಳಿ ತೊಳೆದು ಲವಂಗದ ಎಣ್ಣೆಯ ಮದ್ದಿನ ಪಟ್ಟಿ ಇಟ್ಟರು. ಅತ್ತೆ ಅವನ ಮುಖ ನೋಡಿದ್ದರಿಂದ ನನ್ನ ಕೆಲಸ ಅರ್ಧ ಕಡಿಮೆಯಾಯಿತು. ಎಲೆಅಡಿಕೆಯ ಚೀಲ ತಾವಾಗಿಯೇ ಮೇಲಿಟ್ಟರು.

ಎಲ್ಲ ಕಿತ್ತ ಮೇಲೆ ವಸಡಿನಲ್ಲಿ ಒಂದು ಕಡೆ ಮೂಳೆ ಚೂಪಾಗಿ ಚುಚ್ಚುತ್ತಿತ್ತು. ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ಅದನ್ನು ನುಣುಪು ಮಾಡಿದರು, ಆಲ್ವಿಯೋಪ್ಲಾಸ್ಟಿ ಅಂತ ಬರೆದಿದ್ದರು. ಆಮೇಲೆ ಕಾಯುವ ಕಾಲ. ವಸಡು ಕೆಲವು ವಾರಗಳಲ್ಲಿ ಮುಚ್ಚಿಕೊಳ್ಳುತ್ತದೆ, ಒಳಗಿನ ಮೂಳೆ ತಿಂಗಳುಗಟ್ಟಲೆ ಆಕಾರ ಬದಲಿಸುತ್ತಿರುತ್ತದೆ. ಅವಸರದಲ್ಲಿ ಸೆಟ್ಟು ಮಾಡಿದರೆ ಬೇಗ ಸಡಿಲವಾಗುತ್ತದೆ. ಕಿತ್ತ ದಿನವೇ ಹಾಕುವ ಇಮಿಡಿಯೇಟ್ ಡೆಂಚರ್ ಎಂಬುದೂ ಇದೆ, ಆದರೆ ಅದನ್ನು ಮತ್ತೆ ಮತ್ತೆ ಸರಿಮಾಡಿಸಬೇಕು. ಅತ್ತೆ ಕಾದರು. ಗಂಜಿ, ಮೆತ್ತನೆ ಮುದ್ದೆ, ಹಾಲಲ್ಲಿ ನೆನೆಸಿದ ರೊಟ್ಟಿ. ಯಾರಾದರೂ ಮನೆಗೆ ಬಂದರೆ ಸೆರಗು ಬಾಯಿಗೆ. ಊಟಕ್ಕಿಂತ ಅದೇ ಅವರಿಗೆ ದೊಡ್ಡ ಕಷ್ಟವಾಗಿತ್ತು.

ಸೆಟ್ಟು ಮಾಡುವ ವಿಭಾಗ ಪ್ರಾಸ್ಥೊಡಾಂಟಿಕ್ಸ್. ಬೆಂಚಿನ ತುಂಬಾ ಅಜ್ಜ ಅಜ್ಜಿಯರು. ಬಿಪಿಎಲ್ ಕಾರ್ಡಿರುವ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ಟು ಕೊಡುವ ದಂತ ಭಾಗ್ಯ ಯೋಜನೆಯನ್ನು ರಾಜ್ಯ ಸರ್ಕಾರ ತಂದಿದ್ದು ಗೊತ್ತಿರಬಹುದು. ನಮಗೆ ಅದು ಅನ್ವಯಿಸಲಿಲ್ಲ. ಆದರೂ ಕೇಳಿ ನೋಡುವುದು ಒಳ್ಳೆಯದು. ಸೆಟ್ಟಿನ ಕೆಲಸ ಸಾಮಾನ್ಯವಾಗಿ ಐದಾರು ಭೇಟಿಯಲ್ಲಿ ಆಗುತ್ತದೆ, ಕಾಲೇಜಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿ.

ಮೊದಲು ಅಚ್ಚು. ಆಲ್ಜಿನೇಟ್ ಎಂಬ ಪುಡಿ, ಕಡಲ ಪಾಚಿಯಿಂದ ತಯಾರಾಗುವುದು. ನೀರು ಹಾಕಿ ಬಟ್ಟಲಲ್ಲಿ ರಪರಪ ಕಲಸಿದರೆ ಇಡ್ಲಿ ಹಿಟ್ಟಿನ ಹದಕ್ಕೆ ಬರುತ್ತದೆ. ಟ್ರೇಯಲ್ಲಿ ತುಂಬಿ ಬಾಯಿಗಿಟ್ಟು ಒತ್ತಿ ಹಿಡಿದರೆ ಒಂದೆರಡು ನಿಮಿಷದಲ್ಲಿ ರಬ್ಬರಾಗುತ್ತದೆ. ಅಷ್ಟರಲ್ಲಿ ಅತ್ತೆಗೆ ಓಕರಿಕೆ. "ಮುಂದಕ್ಕೆ ಬಾಗಿ ಅಜ್ಜಿ, ಮೂಗಲ್ಲಿ ಉಸಿರು ತಗೊಳ್ಳಿ, ಕಾಲು ಮೇಲೆತ್ತಿ" ಅಂದಳು ಅಚ್ಚು ತೆಗೆಯುತ್ತಿದ್ದ ಹುಡುಗಿ. ಕಾಲಿಗೂ ಬಾಯಿಗೂ ಏನು ಸಂಬಂಧ? ಗಮನ ಕಾಲಿನ ಕಡೆ ಹೋಗುತ್ತದೆ, ಅಷ್ಟೇ. ಕೆಲಸ ಮಾಡಿತು.

ಆ ಅಚ್ಚಿನಿಂದ ಪ್ಲಾಸ್ಟರ್ ಮಾದರಿ, ಮಾದರಿಯ ಮೇಲೆ ಅತ್ತೆಯ ಬಾಯಿಗೇ ಅಳತೆಯಾದ ಟ್ರೇ. ಅದರ ಅಂಚಿಗೆ ಹಸಿರು ಬಣ್ಣದ ಮೇಣದಂಥ ಕಡ್ಡಿಯನ್ನು ದೀಪದಲ್ಲಿ ಕರಗಿಸಿ ಅಂಟಿಸಿ, ಬಿಸಿನೀರಿಗದ್ದಿ, ಬಾಯಲ್ಲಿಟ್ಟು ಕೆನ್ನೆ ಎಳೆದು ಆಡಿಸುತ್ತಾರೆ. "ಊ ಅನ್ನಿ. ಈ ಅನ್ನಿ. ನಾಲಿಗೆ ಹೊರಗೆ ಚಾಚಿ. ಆ ಕಡೆ, ಈ ಕಡೆ." ಬಾರ್ಡರ್ ಮೋಲ್ಡಿಂಗ್. ನನ್ನ ಪ್ರಕಾರ ಇಡೀ ಕೆಲಸದ ಜೀವ ಇಲ್ಲಿದೆ. ಮಾತಾಡುವಾಗ, ನುಂಗುವಾಗ ಕೆನ್ನೆ, ನಾಲಿಗೆ ಎಲ್ಲಿಯವರೆಗೆ ಬರುತ್ತವೋ ಅಲ್ಲಿಗೇ ಸೆಟ್ಟಿನ ಅಂಚು ನಿಲ್ಲಬೇಕು. ಉದ್ದವಾದರೆ ಎತ್ತಿ ಬಿಸಾಡುತ್ತದೆ, ಗಿಡ್ಡವಾದರೆ ಗಾಳಿ ಹೊಕ್ಕು ಬೀಳುತ್ತದೆ. ಹುಡುಗಿ ಒಂದು ಬದಿ ಮುಗಿಸಿ ತೋರಿಸಿದರೆ ಸ್ಟಾಫ್ ಉಗುರಿನಿಂದ ಮುಟ್ಟಿ ನೋಡಿ "ಇಲ್ಲಿ ಮತ್ತೆ ಮಾಡು" ಅಂದರು. ಅವಳು ಮಾಡಿದಳು. ಮತ್ತೆ ಹಾಗೇ ಅಂದರು. ಅತ್ತೆಗೆ ಅವಳ ಮೇಲೆ ಕನಿಕರ. "ಸಾಕು ಬಿಡ್ರೀ ಸರ್, ಪಾಪ ಕೂಸು" ಅಂತ ಹಸಿರು ಮೇಣದ ಸಮೇತ ಶಿಫಾರಸು ಮಾಡಿದರು.

ಮುಂದಿನ ಸಲ ಮೇಣದ ಏರಿ ಕಟ್ಟಿದ ತಟ್ಟೆಗಳು ಬಂದವು, ಮೇಲಕ್ಕೊಂದು ಕೆಳಕ್ಕೊಂದು. ಎರಡು ದವಡೆಗಳ ನಡುವೆ ಎಷ್ಟು ಎತ್ತರ ಇರಬೇಕು ಎಂಬುದರ ಲೆಕ್ಕ. ಮೂಗಿನ ತುದಿಗೊಂದು ಚುಕ್ಕಿ, ಗದ್ದಕ್ಕೊಂದು ಚುಕ್ಕಿ. ನೆಟ್ಟಗೆ ಕೂರಿಸಿ "ಮ್ಮ್ ಅನ್ನಿ" ಅಂದು, ತುಟಿ ಹಗುರವಾಗಿ ಮುಚ್ಚಿದಾಗ ಅಳತೆ. ಹಲ್ಲು ಕೂಡಿದಾಗಿನ ಅಳತೆ ಅದಕ್ಕಿಂತ ಎರಡರಿಂದ ನಾಲ್ಕು ಮಿಲಿಮೀಟರ್ ಕಡಿಮೆ ಇರಬೇಕು. ಆ ಸಂದು ಇಲ್ಲದಿದ್ದರೆ ಮಾತಾಡುವಾಗ ಹಲ್ಲು ಟಕಟಕ ಅನ್ನುತ್ತದೆ, ದವಡೆ ದಣಿಯುತ್ತದೆ. ತುಂಬಾ ಕಡಿಮೆ ಮಾಡಿದರೆ ಗದ್ದ ಮೂಗಿನ ಹತ್ತಿರ ಬಂದು ಮುಖ ಕುಗ್ಗುತ್ತದೆ. ಆಮೇಲೆ ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಿಸಿ ಅಂಗುಳಕ್ಕೆ ತಾಗಿಸಿ ಎಂಜಲು ನುಂಗಲು ಹೇಳಿದರು. ಆಗ ಕೆಳದವಡೆ ತನ್ನ ಸರಿಯಾದ ಜಾಗಕ್ಕೆ ಹೋಗುತ್ತದಂತೆ. ಹಲ್ಲಿಲ್ಲದವರು ದವಡೆಯನ್ನು ಮುಂದೆ ಚಾಚಿ ಕಚ್ಚುವ ಅಭ್ಯಾಸ ಮಾಡಿಕೊಂಡಿರುತ್ತಾರೆ. ಅದನ್ನೇ ನಂಬಿ ಸೆಟ್ಟು ಮಾಡಿದರೆ ಕೆಟ್ಟಿತು.

ಹಲ್ಲಿನ ಬಣ್ಣ ಆರಿಸುವಾಗ ಸಣ್ಣ ಜಗಳ. ಅತ್ತೆಗೆ ಬೆಳ್ಳಗಿನದೇ ಬೇಕು. ಡಾಕ್ಟರ್ ಕೈಯಲ್ಲಿ ನಸು ಹಳದಿ. ಈ ವಯಸ್ಸಿಗೆ, ಈ ಮೈಬಣ್ಣಕ್ಕೆ ಅದೇ ಸಹಜ ಅಂದರು. ಮದುವೆಯ ಹಳೇ ಫೋಟೋ ತರಲು ಹೇಳಿದರು. ತಂದೆವು, ಆದರೆ ಆ ಕಾಲದ ಮದುವಣಗಿತ್ತಿ ನಗುತ್ತಿರಲಿಲ್ಲ. ಮೈದುನನ ಮದುವೆಯ ಫೋಟೋ ಹುಡುಕಿ ತರಬೇಕಾಯಿತು. ಅದರಲ್ಲಿ ಮುಂದಿನ ಎರಡು ಹಲ್ಲಿನ ನಡುವೆ ಒಂದು ಸಂದು. "ಇದೂ ಇಡ್ಲಾ ಅಜ್ಜಿ?" ಎಂದು ಕೇಳಿದಳು ಹುಡುಗಿ. ಅತ್ತೆ ನನ್ನ ಕಡೆ ನೋಡಿ, ಆಮೇಲೆ ಬೇಡ ಅಂದರು. ಇದೇ ಹೊತ್ತಿನಲ್ಲಿ ನಾನು ಎಲ್ಲೋ ಓದಿದ್ದನ್ನು ಹೇಳಿದೆ: 1815ರ ವಾಟರ್ಲೂ ಯುದ್ಧದ ನಂತರ ಸತ್ತ ಸೈನಿಕರ ಹಲ್ಲು ಕಿತ್ತು ಯೂರೋಪಿನ ಶ್ರೀಮಂತರಿಗೆ ಸೆಟ್ಟು ಮಾಡುತ್ತಿದ್ದರಂತೆ. "ಥೂ! ಇದು ಯಾರ್ದು?" ಎಂದು ಅತ್ತೆ ಬಣ್ಣದ ಮಾದರಿಯನ್ನು ತಟ್ಟನೆ ಕೆಳಗಿಟ್ಟರು. ಅಕ್ರಿಲಿಕ್ ಪ್ಲಾಸ್ಟಿಕ್ಕಿನದು ಅಂತ ಪ್ರಮಾಣ ಮಾಡಿ ಹೇಳಬೇಕಾಯಿತು.

ಮೇಣದಲ್ಲಿ ಹಲ್ಲು ಜೋಡಿಸಿ ಬಾಯಲ್ಲಿಟ್ಟು ನೋಡುವುದು ಟ್ರೈ-ಇನ್. ಮನೆಯವರು ಯಾರಾದರೂ ಜೊತೆಗೆ ಹೋಗಲೇಬೇಕಾದ ದಿನ ಇದೊಂದೇ. ಹಲ್ಲು ಉದ್ದ ಕಂಡರೆ, ನಡುಗೆರೆ ಮೂಗಿಗೆ ನೇರವಿಲ್ಲದಿದ್ದರೆ, ಮಾತಿನಲ್ಲಿ ಸ, ಶ ಸೀಟಿ ಹೊಡೆದರೆ ಈಗಲೇ ಹೇಳಬೇಕು. ಮೇಣವನ್ನು ಬೆಚ್ಚಗೆ ಮಾಡಿ ಹಲ್ಲು ಸರಿಸಬಹುದು. ಲ್ಯಾಬಿನಲ್ಲಿ ಬೇಯಿಸಿ ಗುಲಾಬಿ ಅಕ್ರಿಲಿಕ್ ಆದ ಮೇಲೆ ಅಷ್ಟು ಸುಲಭವಲ್ಲ. ನಮ್ಮ ಮಾವನವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಚಲೋ ಐತಿ" ಅಂದರು. ಅದಕ್ಕಿಂತ ಜಾಸ್ತಿ ಅವರು ಯಾವುದಕ್ಕೂ ಹೇಳುವವರಲ್ಲ.

ಸೆಟ್ಟು ಕೈಗೆ ಬಂದ ಮೇಲಿನ ವಾರಗಳ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಬಾಯಿ ತುಂಬಾ ಏನೋ ತುರುಕಿದ ಹಾಗೆ. ಜೊಲ್ಲು ಸುರಿಯುತ್ತದೆ, ಏಕೆಂದರೆ ಬಾಯಿಗೆ ಅದು ಊಟ ಅಂತಲೇ ಅನ್ನಿಸುತ್ತದೆ. ನಾಲಿಗೆ ಜಾಗ ಹುಡುಕುತ್ತದೆ. ಅತ್ತೆ ದಿನಾ ಪೇಪರನ್ನು ಗಟ್ಟಿಯಾಗಿ ಓದಿದರು, ಡಾಕ್ಟರ್ ಹಾಗೆ ಹೇಳಿದ್ದರು. ಮುಂದಿನ ಹಲ್ಲಲ್ಲಿ ಕಚ್ಚಿ ಹರಿಯುವಂತಿಲ್ಲ, ಹಿಂದಿನ ಅಂಚು ಎದ್ದುಬಿಡುತ್ತದೆ. ಸಣ್ಣ ತುತ್ತು, ಎರಡೂ ಕಡೆ ಒಟ್ಟಿಗೆ ಅಗಿಯಬೇಕು. ಮೇಲಿನ ಸೆಟ್ಟು ಅಂಗುಳವನ್ನೆಲ್ಲ ಮುಚ್ಚಿ ಎಂಜಲಿನ ತೆಳು ಪದರದ ಹಿಡಿತದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಕೆಳಗಿನದಕ್ಕೆ ಆ ಭಾಗ್ಯವಿಲ್ಲ. ಜಾಗ ಕಿರಿದು, ನಡುವೆ ನಾಲಿಗೆಯ ಓಡಾಟ. "ಮ್ಯಾಲಿಂದು ಸೊಸಿ ಇದ್ದಂಗೈತಿ, ಹೇಳಿದ ಜಾಗದಾಗ ಕುಂದ್ರತತಿ. ಕೆಳಗಿಂದು ಮಗ" ಅಂದರು ಅತ್ತೆ. ನನ್ನನ್ನು ಹೊಗಳಿದ್ದು ನನಗೆ ನೆನಪಿರುವಂತೆ ಅದೊಂದೇ ಸಲ.

ಎಲ್ಲಾದರೂ ಒತ್ತಿ ಹುಣ್ಣಾದರೆ ಮನೆಯಲ್ಲಿ ಬ್ಲೇಡು, ಉಪ್ಪುಕಾಗದ ಹಿಡಿಯಬಾರದು. ಹುಣ್ಣಾಯಿತು ಅಂತ ಪೆಟ್ಟಿಗೆಯಲ್ಲಿಟ್ಟು ವಾರ ಬಿಟ್ಟು ಹೋದರೂ ಪ್ರಯೋಜನವಿಲ್ಲ, ಅಷ್ಟರಲ್ಲಿ ಗುರುತು ಮಾಯ. ಹೋಗುವ ಹಿಂದಿನ ದಿನ ಹಾಕಿಕೊಂಡೇ ಇರಬೇಕು. ಡಾಕ್ಟರ್ ಹುಣ್ಣಿನ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಗುರುತು ಮಾಡಿ ಸೆಟ್ಟು ಹಾಕಿ ತೆಗೆದರೆ ಬಣ್ಣ ಒಳಮೈಗೆ ಅಂಟುತ್ತದೆ, ಅಷ್ಟು ಜಾಗ ಮಾತ್ರ ಉಜ್ಜುತ್ತಾರೆ. ರಾತ್ರಿ ತೆಗೆದು ನೀರಿನಲ್ಲಿಡುವುದು, ಮೆತ್ತನೆ ಬ್ರಶ್ಶಿನಲ್ಲಿ ಸೋಪು ಹಾಕಿ ತೊಳೆಯುವುದು. ಟೂತ್‌ಪೇಸ್ಟ್ ಒರಟು, ಗೀರು ಬೀಳುತ್ತದೆ. ಬಿಸಿನೀರಲ್ಲಿ ಹಾಕಿದರೆ ಸೊಟ್ಟಗಾಗುತ್ತದೆ. ತೊಳೆಯುವಾಗ ಕೆಳಗೆ ಬಕೆಟ್ಟಿನಲ್ಲಿ ನೀರಿರಲಿ, ಕೈಜಾರಿದರೂ ಒಡೆಯುವುದಿಲ್ಲ.

ಮಂಡಕ್ಕಿ ತಿನ್ನಲಾಗದ ಬಾಯಿ ದಾವಣಗೆರೆಯಲ್ಲಿ ಬಾಯಿಯೇ ಅಲ್ಲ. ಅತ್ತೆ ಖಾರ ಮಂಡಕ್ಕಿಗೆ ಬೇಗನೆ ಮರಳಿದರು, ಮೆಣಸಿನಕಾಯಿ ಬಜ್ಜಿಯನ್ನು ಚೂರು ಮಾಡಿಕೊಂಡು. ಕಡಕ್ ರೊಟ್ಟಿ ಇನ್ನೂ ಸಾಧ್ಯವಾಗಿಲ್ಲ, ಆಗುತ್ತದೆಂದು ನಾನು ಭಾವಿಸಿಯೂ ಇಲ್ಲ. ಸೆಟ್ಟಿನಲ್ಲಿ ಸಹಜ ಹಲ್ಲಿನ ಬಲದ ಒಂದು ಪಾಲಷ್ಟೇ ಸಿಗುವುದು, ಇದನ್ನು ಮೊದಲೇ ಹೇಳಿದ್ದರು. ಕೆಳಗಿನದು ಈಗ ಸ್ವಲ್ಪ ಆಡುತ್ತಿದೆ, ವಸಡು ಇನ್ನಷ್ಟು ಸವೆದಿದೆ. ಒಳಮೈಗೆ ಹೊಸ ಪದರ ಕೂರಿಸಿ ಬಿಗಿ ಮಾಡುವುದಕ್ಕೆ ರೀಲೈನಿಂಗ್ ಅನ್ನುತ್ತಾರೆ. ಅದೂ ಸಾಲದಿದ್ದರೆ ಕೆಳದವಡೆಗೆ ಎರಡೇ ಎರಡು ಇಂಪ್ಲಾಂಟ್ ಹಾಕಿ, ಗುಂಡಿ ಒತ್ತಿದ ಹಾಗೆ ಇದೇ ಸೆಟ್ಟನ್ನು ಕೂರಿಸಬಹುದಂತೆ. ಈ ಸಲ ಬೆಲೆಯನ್ನಷ್ಟೇ ಅಲ್ಲ, ಮೂಳೆ ಸಾಕಷ್ಟಿದೆಯಾ, ಸಕ್ಕರೆ ಹತೋಟಿಯಲ್ಲಿದೆಯಾ, ಟೈಟಾನಿಯಂ ತಿರುಪು ಮೂಳೆಗೆ ಬೆಸೆದುಕೊಳ್ಳಲು ಎಷ್ಟು ತಿಂಗಳು ಬೇಕು ಎಂದೂ ಅತ್ತೆಯೇ ಕೇಳಿದರು. ಮೂರರಿಂದ ಆರು ತಿಂಗಳು ಅಂದರು. "ಮೊದ್ಲು ರೀಲೈನ್ ಮಾಡ್ರಿ, ನೋಡೋಣು" ಅಂದು ಎದ್ದು ಬಂದರು. ತಾರೀಖು ಯುಗಾದಿ ಕಳೆದ ಮೇಲೆ ಕೊಟ್ಟಿದ್ದಾರೆ.